ಅಗ್ಗದ ಟೀ ಬೇಡವೆಂದವರು: ಮ್ಯಾಸಚೂಸೆಟ್ಸ್, 1772ರಿಂದ 1776

ಶಾಲೆಯಲ್ಲಿ ನಾವು ಓದಿದ ಕಥೆ ಹೀಗಿತ್ತು. ಬ್ರಿಟಿಷರು ಅಮೆರಿಕದ ವಸಾಹತುಗಳಲ್ಲಿ ಟೀ ಮೇಲೆ ತೆರಿಗೆ ಹಾಕಿದರು. ಬೆಲೆ ಏರಿತು. ಸಿಟ್ಟಿಗೆದ್ದ ಜನ ಬೋಸ್ಟನ್ ಬಂದರಿನಲ್ಲಿ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. 'ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ' ಅಂತ ಎರಡು ಅಂಕದ ಉತ್ತರ ಬರೆದು ಮುಂದಿನ ಪಾಠಕ್ಕೆ ಹೋದೆವು.

ಇದರಲ್ಲಿ ಒಂದು ದೊಡ್ಡ ತಪ್ಪಿದೆ. 1773ರಲ್ಲಿ ಟೀ ಬೆಲೆ ಏರುವುದರಲ್ಲಿರಲಿಲ್ಲ, ಇಳಿಯುವುದರಲ್ಲಿತ್ತು. ಆ ವರ್ಷ ಲಂಡನ್ ಮಾಡಿದ ಟೀ ಕಾಯ್ದೆ ಒಂದು ಕಾಸಿನ ಹೊಸ ತೆರಿಗೆಯನ್ನೂ ಹಾಕಲಿಲ್ಲ. ಹಾಗಿದ್ದರೆ ಅಗ್ಗದ ಟೀ ಬಂದರಿಗೆ ಬಂದು ನಿಂತಾಗ ಜನ ಅದನ್ನು ಯಾಕೆ ನೀರಿಗೆ ಸುರಿದರು? ಅದೂ ತಮ್ಮನ್ನು ಇಂಗ್ಲಿಷರೆಂದೇ ಹೇಳಿಕೊಳ್ಳುತ್ತಿದ್ದ, ರಾಜನ ಆಯುರಾರೋಗ್ಯಕ್ಕೆ ಲೋಟ ಎತ್ತುತ್ತಿದ್ದ ಜನ. ಎರಡೂವರೆ ವರ್ಷದಲ್ಲಿ ಅವರೇ ಆ ರಾಜನನ್ನು ಬೇಡವೆಂದರು.

ಹದಿಮೂರು ವಸಾಹತುಗಳಲ್ಲಿ ಒಂದೊಂದರ ಕಥೆಯೂ ಬೇರೆ ಬೇರೆ. ವರ್ಜೀನಿಯಾದ ಹೊಗೆಸೊಪ್ಪಿನ ಜಮೀನ್ದಾರನ ಚಿಂತೆ ಬೇರೆ, ಫಿಲಡೆಲ್ಫಿಯಾ ವ್ಯಾಪಾರಿಯ ಚಿಂತೆ ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲು ತಿರುಗಿಬಿದ್ದ, ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ಒಂದನ್ನೇ ಇಲ್ಲಿ ಹತ್ತಿರದಿಂದ ನೋಡೋಣ.

ಸಾಲ, ಛಾಪಾ ಕಾಗದ, ಸೈನಿಕರು

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿದು ಫ್ರೆಂಚರು ಕೆನಡಾ ಬಿಟ್ಟರು. ಬ್ರಿಟನ್ ಗೆದ್ದಿತು, ಆದರೆ ಅದರ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಅಮೆರಿಕದಲ್ಲಿ ಸೈನ್ಯ ಇಡಬೇಕು, ಆ ಖರ್ಚಿನಲ್ಲಿ ಒಂದಷ್ಟನ್ನಾದರೂ ಅಲ್ಲಿಯವರೇ ಹೊರಲಿ ಎನ್ನುವುದು ಲಂಡನ್ನಿನ ಮಾತು. ಇದು ಅನ್ಯಾಯದ ಮಾತೆಂದು ನನಗೆ ಅನಿಸುವುದಿಲ್ಲ. ಇಂಗ್ಲೆಂಡಿನಲ್ಲಿದ್ದವರು ಅಮೆರಿಕದವರಿಗಿಂತ ಎಷ್ಟೋ ಜಾಸ್ತಿ ತೆರಿಗೆ ಕಟ್ಟುತ್ತಿದ್ದರು.

1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಇದು ನಮಗೆ ಗೊತ್ತಿರುವ ಛಾಪಾ ಕಾಗದವೇ. ಕೋರ್ಟಿನ ಕಾಗದ, ಜಮೀನು ಪತ್ರ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ ಎಲ್ಲಕ್ಕೂ ಮುದ್ರೆ ಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಬೋಸ್ಟನ್ನಿನಲ್ಲಿ ಮುದ್ರೆ ಹಂಚಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್ ಅವರ ಪ್ರತಿಕೃತಿಯನ್ನು ಜನ ಮರಕ್ಕೆ ನೇತುಹಾಕಿದರು. ಆಗಸ್ಟ್ 26ರ ರಾತ್ರಿ ಉಪ ಗವರ್ನರ್ ಥಾಮಸ್ ಹಚಿನ್ಸನ್ ಅವರ ಮನೆಗೆ ನುಗ್ಗಿ ಗೋಡೆಯ ಹಲಗೆಗಳನ್ನೂ ಬಿಡದೆ ಕಿತ್ತರು. ಅವರು ಬರೆಯುತ್ತಿದ್ದ ಮ್ಯಾಸಚೂಸೆಟ್ಸ್ ಇತಿಹಾಸದ ಹಸ್ತಪ್ರತಿ ಬೀದಿಯ ಕೆಸರಿಗೆ ಬಿತ್ತು. ಹಚಿನ್ಸನ್ ಹೊರಗಿನವರಲ್ಲ. ಬೋಸ್ಟನ್ನಿನಲ್ಲೇ ಹುಟ್ಟಿ ಬೆಳೆದವರು. ಸ್ಟಾಂಪ್ ಕಾಯ್ದೆ ಸರಿಯಲ್ಲ ಎಂದು ಅವರೂ ನಂಬಿದ್ದರು. ಈ ಮನುಷ್ಯನ ಹೆಸರು ಮತ್ತೆ ಮತ್ತೆ ಬರುತ್ತದೆ, ನೆನಪಿಡಿ.

ಕಾಯ್ದೆಯನ್ನು 1766ರಲ್ಲಿ ಹಿಂತೆಗೆದುಕೊಂಡರು. ಅದೇ ದಿನ ಇನ್ನೊಂದು ಕಾಯ್ದೆ ಮಾಡಿ, ವಸಾಹತುಗಳಿಗೆ ಯಾವುದೇ ವಿಷಯದಲ್ಲಾದರೂ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗಿದೆ ಎಂದು ಬರೆದಿಟ್ಟರು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಟೀ ಇವುಗಳ ಮೇಲೆ ಸುಂಕ ಬಂತು. 1768ರಲ್ಲಿ ಸೈನಿಕರು ಬೋಸ್ಟನ್ನಿಗೆ ಬಂದಿಳಿದರು. ಸುಮಾರು 16 ಸಾವಿರ ಜನರ ಊರಿನಲ್ಲಿ ಬೀದಿ ಬೀದಿಗೂ ಕೆಂಪು ಕೋಟು. ಸಂಬಳ ಸಾಲದ ಸೈನಿಕರು ಬಿಡುವಿನಲ್ಲಿ ಕೂಲಿಗೆ ಹೋಗಿ ಊರಿನ ಬಡವರ ಕೆಲಸಕ್ಕೂ ಕೈ ಹಾಕಿದರು. ಹಗ್ಗ ಹೊಸೆಯುವ ಕಾರ್ಖಾನೆಯೊಂದರಲ್ಲಿ ಶುರುವಾದ ಹೊಡೆದಾಟದ ಬಿಸಿ ಆರುವ ಮೊದಲೇ, 1770ರ ಮಾರ್ಚ್ 5ರ ರಾತ್ರಿ ಗುಂಡು ಹಾರಿತು. ಐದು ಜನ ಸತ್ತರು. ಆ ಸೈನಿಕರ ಪರ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ಸ್ವಾತಂತ್ರ್ಯಕ್ಕಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು. ಎಂಟು ಸೈನಿಕರಲ್ಲಿ ಆರು ಮಂದಿ ಬಿಡುಗಡೆಯಾದರು.

ಆಮೇಲೆ ಸುಂಕಗಳೆಲ್ಲ ಹೋದವು, ಟೀ ಮೇಲಿನದು ಒಂದು ಉಳಿಯಿತು. ಒಂದು ಪೌಂಡ್ ತೂಕಕ್ಕೆ 3 ಪೆನ್ಸ್. ಎರಡು ವರ್ಷ ಊರು ತಣ್ಣಗಿತ್ತು. ಅಲ್ಲಿಗೇ ಎಲ್ಲ ಮುಗಿದುಹೋಗಬಹುದಿತ್ತು.

ಗವರ್ನರ್ ಸಂಬಳ

ಮುಗಿಯಲಿಲ್ಲ. ಯಾಕೆಂದು ತಿಳಿಯಬೇಕಾದರೆ ಟೀಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಸಂಬಳದ ಚೀಟಿ ನೋಡಬೇಕು. ಈ ಇಡೀ ಪ್ರಕರಣದ ಬೇರು ಇಲ್ಲೇ ಇದೆ ಎಂದು ನನ್ನ ನಂಬಿಕೆ.

ಮ್ಯಾಸಚೂಸೆಟ್ಸ್‌ಗೆ ಗವರ್ನರ್ ಯಾರೆಂದು ರಾಜ ತೀರ್ಮಾನಿಸುತ್ತಿದ್ದ. ಆದರೆ ಗವರ್ನರ್ ಸಂಬಳವನ್ನು ವರ್ಷ ವರ್ಷ ಮಂಜೂರು ಮಾಡುತ್ತಿದ್ದುದು ಜನ ಆರಿಸಿದ ಶಾಸನಸಭೆ. ಇಷ್ಟು ಸಂಬಳ ಎಂದು ಒಂದೇ ಸಲ ಖಾಯಂ ಮಾಡಿಬಿಡಿ ಎಂದು ಲಂಡನ್ 1720ರ ದಶಕದಿಂದಲೂ ಕೇಳುತ್ತಿತ್ತು. ಸಭೆ ಒಪ್ಪಿರಲಿಲ್ಲ. ಒಪ್ಪದಿರಲು ಕಾರಣ ಸರಳ. ನೇಮಕ ರಾಜನದಾದರೂ ಜುಟ್ಟು ಊರಿನವರ ಕೈಯಲ್ಲಿತ್ತು. ಮೂರು ಸಾವಿರ ಮೈಲಿ ಆಚೆಯಿಂದ ಬಂದ ಆಜ್ಞೆ ಎಷ್ಟೇ ಬಿಗಿಯಾಗಿದ್ದರೂ, ಸಂಬಳ ಕೊಡುವವರ ಮುಖ ನೋಡದೆ ಗವರ್ನರ್ ಏನೂ ಮಾಡುವಂತಿರಲಿಲ್ಲ.

ಅದರ ಕೆಳಗೆ ಊರ ಸಭೆಗಳು. ನಮ್ಮ ಗ್ರಾಮಸಭೆ ಇದ್ದ ಹಾಗೆ ಅಂದುಕೊಳ್ಳಿ. ಆಸ್ತಿಯಿದ್ದ ಗಂಡಸರು ಸೇರಿ ರಸ್ತೆ ರಿಪೇರಿ, ಶಾಲೆ, ಬಡವರ ಪಾಲನೆ, ಎಲ್ಲವನ್ನೂ ಕೈ ಎತ್ತಿ ತೀರ್ಮಾನಿಸುತ್ತಿದ್ದರು. ಅಜ್ಜ, ಮುತ್ತಜ್ಜನ ಕಾಲದಿಂದ ಹೀಗೇ ನಡೆದು ಬಂದಿತ್ತು. ಅದನ್ನು ಯಾರೂ ಹಕ್ಕು ಅಂತ ದಿನಾ ಹೇಳಿಕೊಳ್ಳುತ್ತಿರಲಿಲ್ಲ. ಬಾವಿಯಲ್ಲಿ ನೀರಿದ್ದಷ್ಟು ಸಹಜವಾಗಿತ್ತು.

1772ರಲ್ಲಿ ಹಚಿನ್ಸನ್ ಸಭೆಗೆ ಒಂದು ಸುದ್ದಿ ತಿಳಿಸಿದರು. ಆಗ ಅವರೇ ಗವರ್ನರ್. ಇನ್ನು ನನ್ನ ಸಂಬಳ ನೀವು ಕೊಡಬೇಕಿಲ್ಲ, ರಾಜನ ಖಜಾನೆಯಿಂದ ಬರುತ್ತದೆ ಎಂದರು. ಸ್ವಲ್ಪ ದಿನಕ್ಕೆ ದೊಡ್ಡ ನ್ಯಾಯಾಧೀಶರ ಸಂಬಳವೂ ಹಾಗೇ ಆಗುವುದೆಂಬ ಸುದ್ದಿ ಬಂತು. ಆ ದುಡ್ಡು ಎಲ್ಲಿಂದ? ಅಮೆರಿಕದ ಬಂದರುಗಳಲ್ಲಿ ವಸೂಲಾಗುವ ಸುಂಕದಿಂದ. ಅದರಲ್ಲಿ ಟೀ ಸುಂಕವೂ ಸೇರಿತ್ತು.

ಈಗ ಆ 3 ಪೆನ್ಸ್ ಬೇರೆಯಾಗಿ ಕಾಣುತ್ತದೆ ಅಲ್ವಾ? ಟೀ ಕುಡಿಯುವವನು ಕೊಡುವ ಪುಡಿಗಾಸಿನಲ್ಲೇ ಅವನ ಗವರ್ನರ್ ಅವನ ಕೈ ತಪ್ಪಿ ಹೋಗುತ್ತಾನೆ. ಅವನ ಜಮೀನಿನ ವ್ಯಾಜ್ಯ ಕೇಳುವ ನ್ಯಾಯಾಧೀಶನೂ ಹೋಗುತ್ತಾನೆ. ಯಾರ ಉಪ್ಪು ತಿನ್ನುತ್ತಾರೋ ಅವರ ಮಾತು ಕೇಳಬೇಕಾದದ್ದು ಲೋಕದ ರೀತಿ.

1772ರ ನವೆಂಬರಿನಲ್ಲಿ ಬೋಸ್ಟನ್ ಊರ ಸಭೆ 21 ಜನರ ಪತ್ರವ್ಯವಹಾರ ಸಮಿತಿ ಮಾಡಿತು. ಮುಂದೆ ನಿಂತವರು ಸ್ಯಾಮ್ಯುಯೆಲ್ ಆಡಮ್ಸ್. ನಮ್ಮ ಹಕ್ಕುಗಳು ಇವು, ಅವು ಮುರಿದದ್ದು ಹೀಗೆ ಎಂದು ಬರೆದು 600 ಪ್ರತಿ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದರು. ಅದು ಬೋಸ್ಟನ್ನಿನ ಗಲಾಟೆಕೋರರ ಗಲಾಟೆ ಎಂದು ಹಚಿನ್ಸನ್ ಅಂದುಕೊಂಡಿದ್ದರು. ಆದರೆ ನೂರಕ್ಕೂ ಜಾಸ್ತಿ ಊರುಗಳು ಸಭೆ ಸೇರಿ ಚರ್ಚಿಸಿ ಉತ್ತರ ಬರೆದವು.

ಗಾಬರಿಯಾದ ಹಚಿನ್ಸನ್ 1773ರ ಜನವರಿಯಲ್ಲಿ ಸಭೆಗೆ ಪಾಠ ಹೇಳಿದರು. ಪಾರ್ಲಿಮೆಂಟಿನ ಪರಮಾಧಿಕಾರ ಮತ್ತು ವಸಾಹತುಗಳ ಪೂರ್ತಿ ಸ್ವಾತಂತ್ರ್ಯ, ಇವೆರಡರ ನಡುವೆ ಎಳೆಯಬಹುದಾದ ಗೆರೆ ಯಾವುದೂ ನನಗೆ ಗೊತ್ತಿಲ್ಲ ಎಂದರು. ಅವರ ಲೆಕ್ಕದಲ್ಲಿ, ಇಷ್ಟು ಹೇಳಿದರೆ ಜನ ಹೆದರಿ ಸುಮ್ಮನಾಗಬೇಕು. ಸಭೆ ಹೆದರಲಿಲ್ಲ. ಗೆರೆಯೇ ಇಲ್ಲವೆಂದರೆ ಒಂದೋ ನಾವು ಪಾರ್ಲಿಮೆಂಟಿನ ಆಳುಗಳು, ಇಲ್ಲವೇ ಸ್ವತಂತ್ರರು, ನಮ್ಮನ್ನು ಆಳುಗಳಾಗಿ ಮಾಡುವ ಒಪ್ಪಂದವಂತೂ ಇರಲಿಲ್ಲ ಎಂದು ತಿರುಗಿ ಬರೆಯಿತು. ಸ್ವಾತಂತ್ರ್ಯ ಅನ್ನುವ ಮಾತನ್ನು ಸಭೆಯ ನಡುವೆ ತಂದಿಟ್ಟವರು, ಅದನ್ನು ತಡೆಯಲು ಹೊರಟ ಗವರ್ನರೇ.

ಕಂಪನಿಯ ಟೀ

ಈ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಮುಳುಗುತ್ತಿತ್ತು. ಬಂಗಾಳ 1770ರ ಭೀಕರ ಬರದಲ್ಲಿ ಬರಿದಾಗಿತ್ತು. ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದ ಚೀನಾ ಟೀ ಬೆಟ್ಟದಂತೆ ಬಿದ್ದಿತ್ತು. ಕಂಪನಿಯನ್ನು ಎತ್ತಲು ಪ್ರಧಾನಿ ಲಾರ್ಡ್ ನಾರ್ತ್ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ ಟೀ ಕಾಯ್ದೆ ಮಾಡಿತು. ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕ ವಾಪಸು, ನಡುವಿನ ವ್ಯಾಪಾರಿಗಳಿಲ್ಲದೆ ಕಂಪನಿಯೇ ಅಮೆರಿಕದಲ್ಲಿ ನೇರ ಮಾರಬಹುದು. ಡಚ್ಚರ ಕಳ್ಳಮಾಲನ್ನೂ ಸೋಲಿಸುವಂಥ ಬೆಲೆ. ಅಮೆರಿಕದ ಬಂದರಿನ 3 ಪೆನ್ಸ್ ಮಾತ್ರ ಹಾಗೇ ಉಳಿಯಿತು.

ಅದನ್ನೂ ತೆಗೆದುಬಿಡಿ ಎಂದು ಪಾರ್ಲಿಮೆಂಟಿನಲ್ಲೇ ವಿಲಿಯಂ ಡೌಡ್ಸ್‌ವೆಲ್ ಎಂಬ ಸದಸ್ಯರು ಹೇಳಿದರು. ಸುಂಕ ತೆಗೆಯದಿದ್ದರೆ ಅವರು ಟೀ ತೆಗೆದುಕೊಳ್ಳುವುದಿಲ್ಲ ಎಂದು ನಾರ್ತ್‌ಗೆ ನೇರವಾಗಿ ಎಚ್ಚರಿಸಿದರು. ನಾರ್ತ್ ಒಪ್ಪಲಿಲ್ಲ. ಆ ಸುಂಕದಿಂದ ಬರುವ ದುಡ್ಡು ಸಣ್ಣದಾದರೂ ಸಂಬಳಗಳು ನಡೆಯಬೇಕಿತ್ತು. ತೆರಿಗೆ ಹಾಕುವ ಹಕ್ಕನ್ನೂ ಬಿಟ್ಟುಕೊಡುವಂತಿರಲಿಲ್ಲ. ಹೀಗೆ ಅಗ್ಗದ ಟೀ ಗಾಳಕ್ಕೆ ಚುಚ್ಚಿದ ಎರೆಹುಳುವಾಯಿತು. ಬೋಸ್ಟನ್ನಿನ ಟೀ ಏಜೆಂಟರ ಪಟ್ಟಿಯಲ್ಲಿ ಹಚಿನ್ಸನ್ ಅವರ ಇಬ್ಬರು ಗಂಡುಮಕ್ಕಳೇ ಇದ್ದರು. ಊರಿನವರಿಗೆ ಇನ್ನೇನು ಬೇಕು?

ಟೀ ಜೊತೆ ಕಂಪನಿಯ ಹೆಸರೂ ಭಯ ತಂದಿತು. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್ಸನ್ ಆ ವರ್ಷವೇ ಗುಪ್ತನಾಮದಲ್ಲಿ ಬರೆದು, ಏಷ್ಯಾದಲ್ಲಿ ಈ ಕಂಪನಿ ಮಾಡಿದ್ದನ್ನು ನೋಡಿ, ಅಲ್ಲಿನ ಬರದಲ್ಲಿ ಸತ್ತವರನ್ನು ನೆನೆಯಿರಿ, ಈಗ ಅದರ ಕಣ್ಣು ನಮ್ಮ ಮೇಲೆ ಬಿದ್ದಿದೆ ಎಂದರು. ಬಂಗಾಳದ ಹಸಿವಿನ ಸುದ್ದಿ ಫಿಲಡೆಲ್ಫಿಯಾ ಬೀದಿಯವರೆಗೆ ಹೋಗಿತ್ತು. ನಮ್ಮ ಕಡೆಯ ಹೆಸರೂ ಅಲ್ಲಿಗೆ ತಲುಪಿತು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಗೆ ಹೈದರ್ ಅಲಿ ಅಂತಲೇ ಹೆಸರಿತ್ತು. ಅದಕ್ಕೆ ಹಿಂದಿನ ವರ್ಷ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೈನ್ಯದ ದಳಪತಿ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡವನೂ ಅವನೇ.

ಇಪ್ಪತ್ತು ದಿನ

1773ರ ನವೆಂಬರ್ 28ಕ್ಕೆ ಡಾರ್ಟ್‌ಮತ್ ಹಡಗು ಬೋಸ್ಟನ್ನಿಗೆ ಬಂತು. ಹಿಂದೆಯೇ ಎಲಿನೋರ್, ಬೀವರ್. ಹಡಗು ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸುಂಕದ ಅಧಿಕಾರಿಗಳು ಮಾಲು ಜಪ್ತಿ ಮಾಡಬಹುದು. ಜಪ್ತಿಯಾದರೆ ಟೀ ಹೇಗೂ ಊರೊಳಗೆ ಬರುತ್ತದೆ, ಸುಂಕ ಹೇಗೂ ವಸೂಲಾಗುತ್ತದೆ. ಫಿಲಡೆಲ್ಫಿಯಾದವರು ಡಿಸೆಂಬರ್ ಕೊನೆಯಲ್ಲಿ ತಮ್ಮ ಹಡಗನ್ನು ಟೀ ಇಳಿಸದೆ ವಾಪಸು ಕಳಿಸಿಬಿಟ್ಟರು. ಬೋಸ್ಟನ್ನಿನವರು ಕೇಳಿದ್ದೂ ಅಷ್ಟೇ. ಆದರೆ ಇಲ್ಲಿ ಗವರ್ನರ್ ಪರವಾನಗಿ ಇಲ್ಲದೆ ಹಡಗು ಹೊರಡುವಂತಿರಲಿಲ್ಲ.

ಡಿಸೆಂಬರ್ 16, ಗಡುವಿಗೆ ಹಿಂದಿನ ದಿನ. ಓಲ್ಡ್ ಸೌತ್ ಸಭಾಮಂದಿರದ ಒಳಗೂ ಹೊರಗೂ ಸೇರಿ ಸುಮಾರು 5,000 ಜನ. ಡಾರ್ಟ್‌ಮತ್ ಮಾಲೀಕರಲ್ಲಿ ಒಬ್ಬನಾದ ಫ್ರಾನ್ಸಿಸ್ ರಾಚ್ ಎಂಬ ಯುವಕನನ್ನು ಜನ ಮಿಲ್ಟನ್ನಿನಲ್ಲಿದ್ದ ಹಚಿನ್ಸನ್ ಹತ್ತಿರ ಪರವಾನಗಿ ಕೇಳಲು ಅಟ್ಟಿದರು. ಅವನು ವಾಪಸು ಬರುವ ಹೊತ್ತಿಗೆ ಕತ್ತಲಾಗಿತ್ತು. ಗವರ್ನರ್ ಕೊಡಲಿಲ್ಲ ಎಂದ. ಈ ದೇಶ ಉಳಿಸಲು ಈ ಸಭೆ ಇನ್ನೇನೂ ಮಾಡಲಾರದು ಎಂದರು ಸ್ಯಾಮ್ಯುಯೆಲ್ ಆಡಮ್ಸ್.

ಮುಖಕ್ಕೆ ಮಸಿ ಬಳಿದು, ಕಂಬಳಿ ಹೊದ್ದು, ಮೋಹಾಕ್ ಬುಡಕಟ್ಟಿನವರ ವೇಷದಲ್ಲಿ ಒಂದಷ್ಟು ಜನ ಗ್ರಿಫಿನ್ಸ್ ಕಟ್ಟೆಯ ಕಡೆ ನಡೆದರು. ಸುಮಾರು ಮೂರು ತಾಸಿನ ಕೆಲಸ. 342 ಪೆಟ್ಟಿಗೆ ಒಡೆದರು, 92 ಸಾವಿರ ಪೌಂಡ್ ತೂಕದ ಟೀ ನೀರಿಗೆ ಬಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 42 ಟನ್. ಸಮುದ್ರ ಇಳಿದಿತ್ತು. ಹಾಗಾಗಿ ಟೀ ಮುಳುಗದೆ ಹುಲ್ಲಿನ ಮೆದೆಯ ಹಾಗೆ ಹಡಗಿನ ಬದಿಗೆ ಒಟ್ಟಿಕೊಂಡಿತು. ಅದನ್ನು ಕೆಸರಿಗೆ ತುಳಿಯಲು ಹುಡುಗರು ಕೆಳಗಿಳಿಯಬೇಕಾಯಿತು.

ಅಲ್ಲಿದ್ದ ಜಾರ್ಜ್ ಹ್ಯೂಸ್ ಎಂಬ ಚಮ್ಮಾರ ಮುದಿವಯಸ್ಸಿನಲ್ಲಿ ಆ ರಾತ್ರಿಯನ್ನು ನೆನೆದು ಹೇಳಿದ. ಒಬ್ಬ ಮನುಷ್ಯ ಕೋಟಿನ ಒಳಪದರಕ್ಕೆ ಟೀ ತುಂಬಿಕೊಳ್ಳುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಹಿಡಿದೆಳೆದ ರಭಸಕ್ಕೆ ಕೋಟಿನ ಚುಂಗು ಹರಿದು ಕೈಗೆ ಬಂತು. ಓಡಿಹೋಗುತ್ತಿದ್ದವನನ್ನು ಸಾಲಾಗಿ ನಿಂತವರು ಒದ್ದು ಕಳಿಸಿದರು. ಟೀ ಬಿಟ್ಟು ಬೇರೇನೂ ಮುಟ್ಟಬಾರದೆನ್ನುವುದು ಅಂದಿನ ಕಟ್ಟುನಿಟ್ಟು. ಒಡೆದುಹೋದ ಒಂದು ಬೀಗದ ಬದಲಿಗೆ ಮಾರನೆಯ ದಿನ ಹೊಸ ಬೀಗ ತಂದುಕೊಟ್ಟರು. ದುಡ್ಡಿಗಾಗಿ ಬಂದವರು ಹೀಗೆ ನಡೆದುಕೊಳ್ಳುವುದಿಲ್ಲ. ಇನ್ನೊಬ್ಬರ ಮಾಲು ಹಾಳುಮಾಡಿದ್ದು ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವರ ಸಿಟ್ಟು ಯಾವುದರ ಮೇಲಿತ್ತು ಎನ್ನುವುದು ಆ ಬೀಗದಲ್ಲಿ ಕಾಣುತ್ತದೆ.

ಊರನ್ನೇ ಮುಚ್ಚಿದಾಗ

ಲಂಡನ್ನಿಗೆ ಸುದ್ದಿ ಮುಟ್ಟಿದ್ದು 1774ರ ಜನವರಿಯಲ್ಲಿ. ಮಾರ್ಚಿನಲ್ಲಿ ಬೋಸ್ಟನ್ ಬಂದರು ಮುಚ್ಚುವ ಕಾನೂನಾಯಿತು. ಟೀ ದುಡ್ಡು ಕಟ್ಟುವವರೆಗೆ ಬಂದರು ತೆರೆಯುವುದಿಲ್ಲ. ತಪ್ಪು ಮಾಡಿದ್ದು ಒಂದಷ್ಟು ಜನ, ಉಪವಾಸ ಬಿದ್ದದ್ದು ಇಡೀ ಊರು. ಕೂಲಿಯವರಿಗೆ ಕೆಲಸ ಹೋಯಿತು. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಮಂದೆ ಬಂತು. ಟೀ ನಾಶವನ್ನು ಒಪ್ಪದಿದ್ದವರೂ, ಇವತ್ತು ಬೋಸ್ಟನ್, ನಾಳೆ ನಾವು ಎಂದುಕೊಂಡರು.

ಬಂದರಿಗಿಂತ ಆಳವಾಗಿ ಚುಚ್ಚಿದ್ದು ಇನ್ನೊಂದು ಕಾನೂನು. ಮ್ಯಾಸಚೂಸೆಟ್ಸ್ ಸರ್ಕಾರ ಕಾಯ್ದೆ. 1691ರಿಂದ ನಡೆದು ಬಂದ ಸನ್ನದನ್ನು ಅದು ಬದಲಾಯಿಸಿತು. ಜನಪ್ರತಿನಿಧಿಗಳು ಆರಿಸುತ್ತಿದ್ದ ಮಂಡಳಿಗೆ ಇನ್ನು ರಾಜನೇ ಸದಸ್ಯರನ್ನು ಹಾಕುತ್ತಾನೆ. ನ್ಯಾಯಾಧೀಶರು ಗವರ್ನರ್ ಹೇಳಿದಂತೆ. ಊರ ಸಭೆ ವರ್ಷಕ್ಕೊಂದೇ, ಜಾಸ್ತಿ ಬೇಕಾದರೆ ಗವರ್ನರ್ ಅಪ್ಪಣೆ ಬೇಕು. ಎಂದೂ ಬೋಸ್ಟನ್ ನೋಡದ, ಟೀ ಕಂಪನಿಯ ಹೆಸರೂ ಕೇಳದ ರೈತನ ಮನೆಗೆ ಸಾಮ್ರಾಜ್ಯ ಕಾಲಿಟ್ಟದ್ದು ಈ ಕಾಯ್ದೆಯಿಂದ. ದಂಗೆಯ ಚಿತ್ರ ಬರೆಯುವವರು ಟೀ ಪೆಟ್ಟಿಗೆ ಬರೆಯುತ್ತಾರೆ. ನನ್ನನ್ನು ಕೇಳಿದರೆ ಹಳ್ಳಿ ಕೋರ್ಟಿನ ಬಾಗಿಲು ಬರೆಯಬೇಕು.

ಯಾಕೆಂದರೆ ಮುಂದಿನದು ನಡೆದದ್ದು ಅಲ್ಲೇ. ರಾಜನ ಸಂಬಳ ಬಿಡಲು ನಾಲ್ಕು ಜನ ನ್ಯಾಯಾಧೀಶರು ಒಪ್ಪಿದ್ದರು, ಮುಖ್ಯ ನ್ಯಾಯಾಧೀಶ ಪೀಟರ್ ಆಲಿವರ್ ಒಪ್ಪಿರಲಿಲ್ಲ. ಅವರ ಎದುರು ಪ್ರಮಾಣ ಮಾಡುವುದಿಲ್ಲ ಎಂದು ಜ್ಯೂರಿಗೆ ಕರೆಸಿದವರು ಕೈಚೆಲ್ಲಿ ಕೂತರು. ಆಗಸ್ಟ್ 16ರಂದು ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಸುಮಾರು 1,500 ಜನ ಕೋರ್ಟಿನಲ್ಲಿ ತುಂಬಿಕೊಂಡು ನ್ಯಾಯಾಧೀಶರಿಗೆ ಕಾಲಿಡಲು ಜಾಗ ಬಿಡಲಿಲ್ಲ. ಸೆಪ್ಟೆಂಬರ್ 6ರಂದು ವುಸ್ಟರ್‌ನಲ್ಲಿ 37 ಊರುಗಳಿಂದ 4,622 ಜನ ಬಂದರು. ತಲೆ ಎಣಿಸಿ ಬರೆದಿಟ್ಟ ಸಂಖ್ಯೆ ಇದು. ಮುಖ್ಯ ಬೀದಿಯ ಎರಡೂ ಬದಿಗೆ ತಮ್ಮ ತಮ್ಮ ಊರಿನವರ ಜೊತೆ ಸಾಲಾಗಿ ನಿಂತರು. ಕೋರ್ಟಿನ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯಬೇಕಾಯಿತು. ಹೊಸ ಕಾಯ್ದೆಯಂತೆ ಕೆಲಸ ಮಾಡುವುದಿಲ್ಲವೆಂಬ ಮಾತನ್ನು ಓದುತ್ತಾ ಹೋಗಬೇಕು. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಮತ್ತೆ ಓದಬೇಕು. ಹೀಗೆ ಮೂವತ್ತಕ್ಕೂ ಹೆಚ್ಚು ಸಲ. ಯಾರೂ ಸಾಯಲಿಲ್ಲ. ಬೋಸ್ಟನ್ ಬಿಟ್ಟರೆ ಮ್ಯಾಸಚೂಸೆಟ್ಸ್‌ನಲ್ಲಿ ರಾಜನ ಆಡಳಿತ ಅಲ್ಲಿಗೆ ಮುಗಿಯಿತು. ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿ ಯುದ್ಧ ಶುರುವಾದದ್ದು ಮುಂದಿನ ಏಪ್ರಿಲ್‌ನಲ್ಲಿ.

1775ರ ಆ ಕಾಳಗದಲ್ಲಿ ಹೋರಾಡಿದ ಡ್ಯಾನ್ವರ್ಸ್ ಊರಿನ ಲಿವೈ ಪ್ರೆಸ್ಟನ್ ಅವರನ್ನು ಸುಮಾರು ಎಪ್ಪತ್ತು ವರ್ಷದ ನಂತರ ಒಬ್ಬ ಹುಡುಗ ಮಾತಾಡಿಸಿದ. ಸ್ಟಾಂಪ್ ಕಾಯ್ದೆಯ ಕಾಟವೇ? ಒಂದು ಮುದ್ರೆಯನ್ನೂ ನಾನು ನೋಡಲಿಲ್ಲ ಎಂದರು ಅಜ್ಜ. ಟೀ ಸುಂಕವೇ? ಒಂದು ಹನಿ ಟೀಯನ್ನೂ ಕುಡಿದವನಲ್ಲ. ಸ್ವಾತಂತ್ರ್ಯದ ಬಗ್ಗೆ ದೊಡ್ಡವರು ಬರೆದ ಪುಸ್ತಕ ಓದಿದ್ದಿರಾ? ಬೈಬಲ್ಲು, ಭಜನೆ, ಪಂಚಾಂಗ ಬಿಟ್ಟು ಬೇರೇನೂ ಓದಿರಲಿಲ್ಲ. ಹಾಗಾದರೆ ಯಾಕೆ ಹೋದಿರಿ? ನಮ್ಮನ್ನು ನಾವೇ ಆಳಿಕೊಂಡು ಬಂದಿದ್ದೆವು, ಮುಂದೂ ಹಾಗೇ ಇರಬೇಕೆಂದಿದ್ದೆವು, ಅವರು ಬೇಡವೆಂದರು ಎಂದರಂತೆ.

ರಾಜನ ಮೇಲಿನ ನಂಬಿಕೆ

ಇಷ್ಟಾದರೂ ಹೆಚ್ಚಿನವರು ಸ್ವಾತಂತ್ರ್ಯ ಕೇಳಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತೇವಲ್ಲ, ಹಾಗೆ. ರಾಜ ಒಳ್ಳೆಯವನು, ಮಂತ್ರಿಗಳು ಕೆಟ್ಟವರು ಎಂದೇ ನಂಬಿದ್ದರು. 1775ರ ಜುಲೈಯಲ್ಲಿ, ಬೋಸ್ಟನ್ ಹತ್ತಿರದ ಬಂಕರ್ ಹಿಲ್ಲಿನಲ್ಲಿ ರಕ್ತ ಹರಿದ ಮೇಲೂ, ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಕಾಂಗ್ರೆಸ್ ಸಭೆ ರಾಜ ಮೂರನೇ ಜಾರ್ಜ್‌ಗೆ ವಿನಯದ ಅರ್ಜಿ ಕಳಿಸಿತು. ರಾಜ ಅದನ್ನು ತೆಗೆದುಕೊಳ್ಳಲೇ ಇಲ್ಲ. ಆಗಸ್ಟ್ 23ರಂದು ಅವರೆಲ್ಲ ದಂಗೆಕೋರರು ಎಂದು ಘೋಷಿಸಿದ. ಅಕ್ಟೋಬರಿನಲ್ಲಿ ಬ್ರಿಟಿಷ್ ನೌಕೆಗಳು ಫಾಲ್ಮತ್ ಪಟ್ಟಣವನ್ನು ಸುಟ್ಟವು. ಜರ್ಮನ್ ಸೈನಿಕರನ್ನು ಬಾಡಿಗೆಗೆ ತಂದು ತಮ್ಮ ಮೇಲೆ ಬಿಡುತ್ತಾರೆ ಎಂಬ ಸುದ್ದಿ ಬಂತು. ಪೂಜಾರಿಯದಲ್ಲ, ದೇವರದೇ ಕೆಲಸ ಎಂದು ಆಗ ಮನವರಿಕೆಯಾಯಿತು. 1776ರ ಜನವರಿಯಲ್ಲಿ ಥಾಮಸ್ ಪೇನ್ ರಾಜನೇ ಬೇಡವೆಂದು ಬಿಡಿಸಿ ಬರೆದಾಗ, ಮನಸ್ಸಿನಲ್ಲಿದ್ದ ಮಾತಿಗೆ ಬಾಯಿ ಬಂದಂತಾಯಿತು.

ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿ ರಾಜನ ಮೇಲೆ 27 ದೂರುಗಳಿವೆ. ಒಪ್ಪಿಗೆಯಿಲ್ಲದ ತೆರಿಗೆ ಅದರಲ್ಲಿ ಒಂದೇ ಒಂದು, ಅದೂ ತುಂಬಾ ಕೆಳಗೆ. ಅದಕ್ಕಿಂತ ಮೊದಲೇ ಬರುತ್ತದೆ ನ್ಯಾಯಾಧೀಶರ ಹುದ್ದೆಯನ್ನೂ ಸಂಬಳವನ್ನೂ ರಾಜ ತನ್ನ ಇಷ್ಟಕ್ಕೆ ಕಟ್ಟಿಹಾಕಿಕೊಂಡ ಎಂಬ ದೂರು.

ಹಚಿನ್ಸನ್ 1774ರ ಜೂನಿನಲ್ಲೇ ಇಂಗ್ಲೆಂಡಿಗೆ ಹೋಗಿದ್ದರು. ಮಿಲ್ಟನ್ನಿನ ಮನೆಗೆ ಮತ್ತೆ ಬರಲಾಗಲಿಲ್ಲ. 1780ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಅವರ ಬಗ್ಗೆ ನನಗೆ ಮರುಕವಿದೆ. ಅವರೂ ಆ ಮಣ್ಣನ್ನು ಪ್ರೀತಿಸಿದವರೇ.

ಇನ್ನೊಂದು ವಿಷಯ ಹೇಳದೆ ಈ ಪ್ರಕರಣ ಮುಗಿಸುವುದು ಸರಿಯಲ್ಲ. ಹಚಿನ್ಸನ್ ಗೆರೆಯ ಮಾತಾಡಿದ 1773ರ ಜನವರಿಯಲ್ಲೇ ಬೋಸ್ಟನ್ನಿನ ಕಪ್ಪು ಗುಲಾಮರು ಅವರಿಗೂ ಸಭೆಗೂ ಒಂದು ಅರ್ಜಿ ಕೊಟ್ಟಿದ್ದರು. ನಮಗೆ ಆಸ್ತಿಯಿಲ್ಲ, ಹೆಂಡತಿಯಿಲ್ಲ, ಮಕ್ಕಳಿಲ್ಲ, ಊರಿಲ್ಲ, ದೇಶವಿಲ್ಲ ಎಂದು ಬರೆದಿದ್ದರು. ಸಭೆ ಏನೂ ಮಾಡಲಿಲ್ಲ. ಅದೇ ತಿಂಗಳು ಶೆಫೀಲ್ಡ್ ಎಂಬ ಊರಿನಲ್ಲಿ ಜಾನ್ ಆಶ್ಲಿ ಎಂಬ ಶ್ರೀಮಂತರ ನೇತೃತ್ವದ ಸಮಿತಿ, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು, ಸ್ವತಂತ್ರರು ಎಂದು ನಿರ್ಣಯ ಬರೆಯಿತು. ಆ ಆಶ್ಲಿ ಮನೆಯಲ್ಲಿ ಬೆಟ್ ಎಂಬ ಗುಲಾಮ ಹೆಂಗಸಿದ್ದಳು. ಮನೆಯೊಡತಿ ಕಾದ ಸಲಿಕೆ ಬೀಸಿದಾಗ ಇನ್ನೊಬ್ಬಳನ್ನು ಕಾಪಾಡಲು ಕೈ ಅಡ್ಡ ಹಿಡಿದಳು, ಗಾಯದ ಕಲೆ ಕೊನೆಯವರೆಗೂ ಉಳಿಯಿತು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ದೊಡ್ಡವರು ಆಡಿಕೊಳ್ಳುವ ಮಾತನ್ನು ಕೇಳಿಸಿಕೊಂಡು, ವಕೀಲ ಥಿಯೋಡೋರ್ ಸೆಜ್ವಿಕ್ ಹತ್ತಿರ ಹೋಗಿ ಆ ಮಾತು ನನಗೂ ಸಲ್ಲಬೇಕಲ್ಲವೇ ಎಂದು ಕೇಳಿದಳು.

1781ರ ಆಗಸ್ಟಿನಲ್ಲಿ ಮೊಕದ್ದಮೆ ನಡೆದದ್ದು ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ, ಏಳು ವರ್ಷದ ಹಿಂದೆ ಜನ ತುಂಬಿಕೊಂಡು ಬಾಗಿಲು ಮುಚ್ಚಿಸಿದ್ದ ಅದೇ ಊರಿನ ಕೋರ್ಟಿನಲ್ಲಿ. ಬೆಟ್ ಮತ್ತು ಅವಳ ಜೊತೆಗಿದ್ದ ಬ್ರಾಮ್ ಗುಲಾಮರಲ್ಲ ಎಂದು ಜ್ಯೂರಿ ಹೇಳಿತು, 30 ಶಿಲ್ಲಿಂಗ್ ಪರಿಹಾರವನ್ನೂ ಕೊಡಿಸಿತು. ಆಕೆ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಸಂಬಳ ಕೊಡುತ್ತೇನೆ, ಮನೆಗೆ ವಾಪಸು ಬಾ ಎಂದರು ಆಶ್ಲಿ. ಆಕೆ ಹೋಗಲಿಲ್ಲ.